ಸೈನ್ಸ್ ಮಾಡೆಲ್‌ಗೆ ಯಾವುದು: ಉಗಿ ಚಕ್ರವೋ, ಪೆಲ್ಟಿಯರ್ ಬಿಲ್ಲೆಯೋ?

"ಮಾಮಾ, ಬಿಸಿಯಿಂದ ಕರೆಂಟ್ ತೋರಿಸ್ಬೇಕು, ಯಾವ ಮಾಡೆಲ್ ಮಾಡ್ಲಿ?" ಹುಬ್ಬಳ್ಳಿಯಲ್ಲಿ ಒಂಬತ್ತನೇ ಕ್ಲಾಸ್ ಓದುವ ಅಕ್ಕನ ಮಗಳ ಪ್ರಶ್ನೆ.

ಉಗಿ ಚಕ್ರ ನೋಡೋಕೆ ಚಂದ. ರಾಯಚೂರಿನ ಶಾಖೋತ್ಪನ್ನ ಸ್ಥಾವರದಲ್ಲೂ ಇದೇ ಕೆಲಸ: ಕಲ್ಲಿದ್ದಲು ಉರಿದು ನೀರು ಉಗಿಯಾಗಿ ಟರ್ಬೈನ್ ಎಂಬ ಚಕ್ರ ತಿರುಗಿಸಿ ಕರೆಂಟ್ ಕೊಡುತ್ತದೆ. ಆದರೆ ಕುದಿಯುವ ಉಗಿ ಮಕ್ಕಳ ಕೈಗೆ ಬೇಡಪ್ಪ.

ಪೆಲ್ಟಿಯರ್ ಬಿಲ್ಲೆ ಅಂದರೆ 4 ಸೆಂ.ಮೀ. ಚೌಕ, ಎರಡು ವೈರು, ಅಷ್ಟೇ. ಒಂದು ಮುಖ ಬಿಸಿ, ಇನ್ನೊಂದು ತಂಪು ಇದ್ದರೆ ಕರೆಂಟ್ ಹರಿಯುತ್ತದೆ. 1821ರಲ್ಲಿ ಸೀಬೆಕ್ ಎಂಬ ವಿಜ್ಞಾನಿ ಕಂಡ ಗುಣ ಇದು. ರೊಟ್ಟಿ ಬೇಯಿಸಿದ ಹಂಚು ಸ್ವಲ್ಪ ಆರಿದ ಮೇಲೆ ಬಿಲ್ಲೆ ಇಟ್ಟು, ಅದರ ಮೇಲೆ ಸ್ಟೀಲ್ ಲೋಟದಲ್ಲಿ ತಣ್ಣೀರು ಇಟ್ಟೆವು. ಕೆಂಪು ಎಲ್‌ಇಡಿ ಹತ್ತಿತು! ಲೋಟದ ನೀರು ಬಿಸಿಯಾದಂತೆ ಮಂಕಾಯಿತು. ಹಂಚು ಜಾಸ್ತಿ ಕಾದಿದ್ದರೆ ಒಳಗಿನ ಬೆಸುಗೆಯೇ ಕರಗುತ್ತದೆ, ಹುಷಾರು.

ಬಿಲ್ಲೆಯಲ್ಲಿ ಬಿಸಿ ಬಹಳ ಪೋಲಾಗುತ್ತದೆ. ನೂರು ಪಾಲಿನಲ್ಲಿ ಹತ್ತೂ ಕರೆಂಟ್ ಆಗಲ್ಲ; ದೊಡ್ಡ ಸ್ಥಾವರದಲ್ಲಿ ಸುಮಾರು ಮೂರನೇ ಒಂದು ಪಾಲು ಸಿಗುತ್ತದೆ. ಆದರೂ 1977ರಲ್ಲಿ ಹೊರಟ ವಾಯೇಜರ್ ಬಾಹ್ಯಾಕಾಶ ನೌಕೆಗಳಿಗೆ ಇದೇ ತತ್ವ ಆಸರೆ. ಅಲ್ಲಿ ಹಂಚಿನ ಬದಲು ತಾನಾಗೇ ಬಿಸಿ ಕೊಡುವ ವಿಕಿರಣಶೀಲ ವಸ್ತು, ಪ್ಲುಟೋನಿಯಂ-238. ಅದು ಅರ್ಧಕ್ಕಿಳಿಯಲು ಸುಮಾರು 88 ವರ್ಷ ಬೇಕು. ತಿರುಗುವ ಭಾಗವೇ ಇಲ್ಲ, ರಿಪೇರಿಗೆ ಯಾರು ಹೋಗ್ತಾರೆ ಅಲ್ವಾ?

ನನ್ನ ಓಟು ಬಿಲ್ಲೆಗೆ. ಮೇಳದ ದಿನ ಒಂದು ಡಬ್ಬಿ ಐಸ್ ಒಯ್ಯಲಿ.