ಫಾಸ್ಟ್ ಇವಿಯ ಪಿಕಪ್: ಚಾರ್ಜ್ ಇಳಿದ ಮೇಲೆ ಹೇಗಿರುತ್ತದೆ?

ಸೊನ್ನೆಯಿಂದ ಗಂಟೆಗೆ ನೂರು ಕಿಲೋಮೀಟರ್ ವೇಗಕ್ಕೆ ಬಿವೈಡಿ ಸೀಲ್ ಪರ್ಫಾರ್ಮೆನ್ಸ್‌ಗೆ 3.8 ಸೆಕೆಂಡ್, ಮಹೀಂದ್ರ ಬಿಇ 6ಕ್ಕೆ 6.7. ಕಂಪನಿಗಳು ಹೇಳುವ ಈ ಅಂಕಿಗಳು ಇವಿ, ಅಂದರೆ ಎಲೆಕ್ಟ್ರಿಕ್ ಕಾರಿನ ಹುಚ್ಚಿರುವವರಿಗೆಲ್ಲ ಬಾಯಿಪಾಠ. ನಾನು ಎರಡು ವರ್ಷದಿಂದ ಹುಬ್ಬಳ್ಳಿಯಲ್ಲಿ ಓಡಿಸುತ್ತಿರುವುದೂ ಇಂಥದೇ ಜೋರಿನ ಗಾಡಿ. ಹೆಸರು ಬರೆಯುವುದಿಲ್ಲ. ನನ್ನ ತಕರಾರು ಒಂದೇ ಕಂಪನಿಗೆ ಸೇರಿದ್ದಲ್ಲ.

ಮೊದಲು ಖುಷಿಯ ವಿಷಯ. ದಿನಾ ಬೆಳಿಗ್ಗೆ ವಿದ್ಯಾನಗರದಿಂದ ಧಾರವಾಡಕ್ಕೆ ಹೋಗುತ್ತೇನೆ. ಉಣಕಲ್ ದಾಟುವವರೆಗೆ ಬರೀ ಸಿಗ್ನಲ್. ಅವಳಿನಗರದ ಚಿಗರಿ ಬಸ್ಸು ತನಗೇ ಮೀಸಲಾದ ಲೇನಿನಲ್ಲಿ ಆರಾಮಾಗಿ ಹೋಗುತ್ತದೆ, ನಾವು ಪಕ್ಕದಲ್ಲಿ ಕಾಯುತ್ತಿರುತ್ತೇವೆ. ನವನಗರದ ಹತ್ತಿರ ರಸ್ತೆ ಸ್ವಲ್ಪ ಖಾಲಿ ಸಿಗುತ್ತದೆ. ಅಲ್ಲಿ 30ರಿಂದ 60ಕ್ಕೆ ಒಂದು ಸಲ ಒತ್ತುತ್ತೇನೆ. ಗೇರ್ ಇಳಿಸುವ ಗೋಜಿಲ್ಲ, ಇಂಜಿನ್ ಕೂಗಾಟವಿಲ್ಲ, ಬೆನ್ನು ಸೀಟಿಗೆ ಅಂಟುತ್ತದೆ ಅಷ್ಟೇ. ಮೋಟರ್ ನಿಂತಲ್ಲಿಂದಲೇ ಪೂರ್ತಿ ಟಾರ್ಕ್ (ಚಕ್ರ ತಿರುಗಿಸುವ ಬಲ) ಕೊಡುವುದರಿಂದ ಈ ಸುಖ. ಆ ಒಂದು ಒತ್ತಿನಿಂದ ನನ್ನ ದಿನ ಚೆನ್ನಾಗಿ ಶುರುವಾಗುತ್ತದೆ. ಪಕ್ಕದಲ್ಲಿ ಅವ್ವ ಕೂತಿದ್ದರೆ ಮಾತ್ರ ಇಕೋ ಮೋಡ್.

ಅಕ್ಕನ ಮಗ ಮೊಬೈಲಿನ ಜಿಪಿಎಸ್ ಆ್ಯಪ್ ಹಿಡಿದು ನೂರರ ಲೆಕ್ಕವನ್ನೂ ನೋಡಿದ್ದಾನೆ. ಪೂರ್ತಿ ಚಾರ್ಜ್, ಇಬ್ಬರೇ ಇದ್ದರೆ ಕಂಪನಿಯ ಅಂಕಿಯ ಹತ್ತಿರ ಬರುತ್ತದೆ. ಸ್ವಲ್ಪ ಜಾಸ್ತಿ ಬಂದರೆ ನನಗೆ ಬೇಜಾರಿಲ್ಲ. ಕೆಲವು ಕಡೆ ಗಾಡಿ ಒಂದು ಅಡಿ ಮುಂದೆ ಹೋದ ಮೇಲೆ ಗಡಿಯಾರ ಶುರು ಮಾಡುತ್ತಾರೆ. ಅಲ್ಲೇ ಸುಮಾರು 0.3 ಸೆಕೆಂಡ್ ಉಳಿಯುತ್ತದೆ.

ನನಗೆ ಸಿಟ್ಟು ಬಂದದ್ದು ಹಳಿಯಾಳ ರಸ್ತೆಯಲ್ಲಿ.

ನಾನು ಮನೆಯಲ್ಲಿ ಭಾನುವಾರಕ್ಕೊಮ್ಮೆ ಚಾರ್ಜ್ ಹಾಕುವವನು. ಶನಿವಾರ ಹೆಂಡತಿಯ ತವರಿಗೆ ಹೊರಟರೆ ಬ್ಯಾಟರಿ 20 ಪರ್ಸೆಂಟಿನ ಆಸುಪಾಸಿನಲ್ಲಿ ಇರುತ್ತದೆ. ಊರು ಮುಟ್ಟಲು ಅಷ್ಟು ಧಾರಾಳ ಸಾಕು. ಆದರೆ ಕಬ್ಬಿನ ಸೀಸನ್ನಿನಲ್ಲಿ ಆ ರಸ್ತೆ ಹೇಗಿರುತ್ತದೆ ಅಂತ ನಮ್ಮ ಕಡೆಯವರಿಗೆ ಗೊತ್ತು. ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರ್, ರಸ್ತೆ ತುಂಬ ಕಬ್ಬು, ಹಿಂದೆ ಲೈಟೂ ಇಲ್ಲ. ಎದುರು ಖಾಲಿ ಕಂಡಾಗ ಬೇಗ ದಾಟಬೇಕು. ಅಂಥ ಹೊತ್ತಿನಲ್ಲಿ ಪೆಡಲ್ ಪೂರ್ತಿ ಒತ್ತಿದರೆ, ಸೋಮವಾರ ನವನಗರದಲ್ಲಿ ಸಿಕ್ಕ ಎಳೆತ ಇಲ್ಲ. ಗಾಡಿ ಹೋಗುತ್ತದೆ, ಮೆತ್ತಗೆ ಹೋಗುತ್ತದೆ. ಹೆಂಡತಿ, ಮಕ್ಕಳು, ಡಿಕ್ಕಿ ತುಂಬ ಚೀಲ ಇದ್ದಾಗ ಆ ವ್ಯತ್ಯಾಸ ಎದೆಗೇ ತಟ್ಟುತ್ತದೆ. ಈಗ ಅರ್ಧ ಓವರ್‌ಟೇಕ್‌ಗಳನ್ನು ಬಿಟ್ಟೇ ಬಿಡುತ್ತೇನೆ.

ಕಾರಣ ಕಷ್ಟದ್ದೇನಲ್ಲ. ಬ್ಯಾಟರಿಯೊಳಗಿನ ನಿಕಲ್ ಇರುವ ಲಿಥಿಯಂ ಸೆಲ್ ಪೂರ್ತಿ ಚಾರ್ಜ್ ಆದಾಗ ಸುಮಾರು 4.2 ವೋಲ್ಟ್ ಇರುತ್ತದೆ, ತಳ ಮುಟ್ಟುವಾಗ 3ರ ಹತ್ತಿರ ಇಳಿಯುತ್ತದೆ. ಜೋರಾಗಿ ಎಳೆದರೆ ವೋಲ್ಟೇಜ್ ಇನ್ನೂ ಕುಸಿಯುತ್ತದೆ. ಸೆಲ್ ಹಾಳಾಗದಿರಲಿ ಅಂತ ಬ್ಯಾಟರಿಯ ಕಂಟ್ರೋಲರ್ ತಾನೇ ಪವರ್ ಕಡಿಮೆ ಮಾಡುತ್ತದೆ. ಬ್ಯಾಟರಿ ಬಿಸಿಯಾದಾಗಲೂ ಅದೇ ಕೆಲಸ. ಗಾಡಿ ಗಾಡಿಗೆ ಪ್ರಮಾಣ ಬೇರೆ, ಆದರೆ ಯಾವ ಇವಿಯೂ ಇದರಿಂದ ಪೂರ್ತಿ ತಪ್ಪಿಸಿಕೊಂಡಿಲ್ಲ. ಇದು ಸರಿಯಾದ ಕ್ರಮವೇ, ಅದಕ್ಕೆ ನನ್ನ ವಿರೋಧವಿಲ್ಲ. ಅದನ್ನು ಬಾಯಿಬಿಟ್ಟು ಹೇಳದೇ ಇರುವುದಕ್ಕೆ ವಿರೋಧ. ಜೋರಿನ ಮಾದರಿ ಅಂತ ಲಕ್ಷಗಟ್ಟಲೆ ಹೆಚ್ಚು ಕೊಟ್ಟಿದ್ದೇನೆ. ಬ್ರೋಷರಿನಲ್ಲಿ ಪೂರ್ತಿ ಚಾರ್ಜಿನ ಸೆಕೆಂಡ್ ದಪ್ಪ ಅಕ್ಷರದಲ್ಲಿದೆ. 20 ಪರ್ಸೆಂಟಿನ ಸೆಕೆಂಡ್ ಸಣ್ಣ ಅಕ್ಷರದಲ್ಲೂ ಇಲ್ಲ.

ಈಗ ಶುಕ್ರವಾರ ರಾತ್ರಿಯೂ ಚಾರ್ಜರ್ ಹಚ್ಚುತ್ತೇನೆ. ಚಾರ್ಜ್ 60 ಪರ್ಸೆಂಟಿನ ಮೇಲಿದ್ದರೆ ಹಳಿಯಾಳ ರಸ್ತೆಯಲ್ಲೂ ಗಾಡಿ ಮೊದಲಿನ ಹಾಗೇ ಚಿಮ್ಮುತ್ತದೆ, ನನ್ನ ಸಿಟ್ಟೂ ಇಳಿಯುತ್ತದೆ. ಊರೊಳಗಿನ ಓಡಾಟವೇ ಜಾಸ್ತಿ ಇರುವವರು ನಿಶ್ಚಿಂತೆಯಿಂದ ತಗೊಳ್ಳಿ. ಎರಡು ಲೇನಿನ ರಸ್ತೆಯಲ್ಲಿ ದಿನಾ ಓಡಾಡುವವರಾದರೆ, ಟೆಸ್ಟ್ ಡ್ರೈವ್‌ಗೆ ಹೋದಾಗ 20 ಪರ್ಸೆಂಟ್ ಚಾರ್ಜ್ ಇರುವ ಗಾಡಿಯನ್ನೇ ಕೇಳಿ. ಮನೆಯವರನ್ನೂ ಕೂರಿಸಿಕೊಂಡು, 40ರಿಂದ 80ರ ವೇಗಕ್ಕೆ ಒತ್ತಿ ನೋಡಿ.