ಕ್ಯಾಸ್13ಎ ಮತ್ತು ಸಿಎಸ್‌ಎಂ: ಆರ್‌ಎನ್‌ಎ ಹಿಡಿಯುವ ಎರಡು ಕ್ರಿಸ್ಪರ್‌ಗಳು

ಕ್ರಿಸ್ಪರ್ ಅಂದರೆ ವೈರಸ್‌ಗಳಿಂದ ಕಾಪಾಡಿಕೊಳ್ಳಲು ಬ್ಯಾಕ್ಟೀರಿಯಾಗಳಲ್ಲಿರುವ ಏರ್ಪಾಡು. ಅದರ ಹೆಸರು ಕೇಳಿದ ಕೂಡಲೇ ಡಿಎನ್‌ಎ ಕತ್ತರಿಸುವ ಕ್ಯಾಸ್9 ಎಂಬ ಪ್ರೋಟೀನ್ ನೆನಪಾಗುತ್ತದೆ. ಆದರೆ ಹೊರಗಿನ ಆರ್‌ಎನ್‌ಎಯನ್ನು ಪತ್ತೆ ಮಾಡುವ ಕ್ರಿಸ್ಪರ್‌ಗಳೂ ಬ್ಯಾಕ್ಟೀರಿಯಾಗಳಲ್ಲಿವೆ. ಹೆಬ್ಬಾಳದ ಕಡೆಯ ನಮ್ಮ ಲ್ಯಾಬ್‌ನಲ್ಲಿ ಅಂಥ ಎರಡನ್ನು ಒಂದೇ ಗುರಿಯ ಮೇಲೆ ಪ್ರಯೋಗಿಸಿ ನೋಡಿದೆ. ಗುರಿ, ಡೆಂಗಿ ವೈರಸ್‌ನ ಆರ್‌ಎನ್‌ಎಯ ಒಂದು ಸಣ್ಣ ತುಣುಕು. ಮಳೆಗಾಲ ಬಂತೆಂದರೆ ಬೆಂಗಳೂರಿಗೆ ಡೆಂಗಿ ಚಿಂತೆ ತಪ್ಪಿದ್ದಲ್ಲ, ಅಲ್ವಾ?

ತಯಾರಿಗೆ ಕ್ಯಾಸ್13ಎ ಸುಲಭ. ಒಂದೇ ಪ್ರೋಟೀನ್, ಗುರಿ ಯಾವುದೆಂದು ತೋರಿಸುವ ಒಂದು ಗೈಡ್ ಆರ್‌ಎನ್‌ಎ, ಅಷ್ಟೇ. ಸಿಎಸ್‌ಎಂ ಐದು ಬಗೆಯ ಪ್ರೋಟೀನ್‌ಗಳ ಕೂಟ. ಅದರ ಜೊತೆ ಸಿಎಸ್‌ಎಂ6 ಎಂಬ ಇನ್ನೊಂದು ಪ್ರೋಟೀನ್ ಬೇರೆ ಬೇಕು. ನಾನು ಬಳಸಿದ್ದು ಯೋಗರ್ಟ್ ಮಾಡುವ ಸ್ಟ್ರೆಪ್ಟೊಕಾಕಸ್ ಥರ್ಮೊಫಿಲಸ್‌ನದು. ಕ್ರಿಸ್ಪರ್ ವೈರಸ್‌ನಿಂದ ಕಾಪಾಡುತ್ತದೆ ಎಂದು 2007ರಲ್ಲಿ ಮೊದಲು ತೋರಿಸಿದ್ದು ಇದೇ ಬ್ಯಾಕ್ಟೀರಿಯಾದಲ್ಲಿ.

ಗುರುತಿಸುವ ರೀತಿ ಎರಡರಲ್ಲೂ ಹತ್ತಿರ ಹತ್ತಿರ. ಗುರಿ ಗೈಡ್‌ಗೆ ಜೋಡಿಯಾಗಬೇಕು. ಆದರೆ ಗೈಡ್‌ನ ತುದಿಯಲ್ಲಿ ಕ್ರಿಸ್ಪರ್‌ನ ರಿಪೀಟ್‌ನಿಂದ, ಅಂದರೆ ಬ್ಯಾಕ್ಟೀರಿಯಾದ ಡಿಎನ್‌ಎಯಲ್ಲಿ ಮತ್ತೆ ಮತ್ತೆ ಬರುವ ಭಾಗದಿಂದ, ಬಂದ ಒಂದು ಚೂರು ಇರುತ್ತದೆ. ಗುರಿ ಅದಕ್ಕೂ ಜೋಡಿಯಾದರೆ ಅದು ಹೊರಗಿನದಲ್ಲ, ಜೀವಕೋಶದ್ದೇ. ಆಗ ಕ್ಯಾಸ್13ಎ ಎಚ್ಚೆತ್ತುಕೊಳ್ಳುವುದಿಲ್ಲ, ಸಿಎಸ್‌ಎಂ ಎಚ್ಚರಿಕೆ ಕೊಡುವುದಿಲ್ಲ.

ನಿಜವಾದ ವ್ಯತ್ಯಾಸ ಆಮೇಲಿನದು. ಕ್ಯಾಸ್13ಎ ಎಚ್ಚೆತ್ತರೆ ಸುತ್ತಲಿನ ಆರ್‌ಎನ್‌ಎಯನ್ನೆಲ್ಲ ತಾನೇ ಕತ್ತರಿಸುತ್ತದೆ, ಜೀವಕೋಶದ್ದನ್ನೂ ಬಿಡುವುದಿಲ್ಲ. ಜೀವಕೋಶ ಬೆಳವಣಿಗೆ ನಿಲ್ಲಿಸುತ್ತದೆ, ಒಳಗಿನ ವೈರಸ್ಸಿಗೂ ಬೆಳೆಯಲು ದಾರಿ ಇರುವುದಿಲ್ಲ. 2019ರಲ್ಲಿ ಲಿಸ್ಟೀರಿಯಾದಲ್ಲಿ ಇದನ್ನು ತೋರಿಸಿದರು. ನನ್ನ ಟ್ಯೂಬ್‌ನಲ್ಲಿ ಕತ್ತರಿಸಿದಾಗ ಹೊಳೆಯುವ ಆರ್‌ಎನ್‌ಎ ಇತ್ತು. ಅಲ್ಲೂ ಬೆಳಕು ಬೇಗ ಏರಿತು, ಏರುತ್ತಲೇ ಹೋಯಿತು.

ಸಿಎಸ್‌ಎಂ ಊರಿನವರನ್ನು ಎಬ್ಬಿಸಲು ತಮಟೆ ಬಾರಿಸಿದ ಹಾಗೆ. ಅದರಲ್ಲಿರುವ ಕ್ಯಾಸ್10 ಎಂಬ ಪ್ರೋಟೀನ್, ಜೀವಕೋಶಕ್ಕೆ ಶಕ್ತಿ ಕೊಡುವ ಎಟಿಪಿ ಅಣುಗಳನ್ನು ಜೋಡಿಸಿ ಉಂಗುರದಂಥ ಅಣುಗಳನ್ನು ಮಾಡುತ್ತದೆ. ಅವು ಹೋಗಿ ಸಿಎಸ್‌ಎಂ6 ಅನ್ನು ಎಬ್ಬಿಸುತ್ತವೆ. ಕತ್ತರಿಸುವ ಕೆಲಸ ಅದರದು. 2017ರಲ್ಲಿ ಇದು ಗೊತ್ತಾಯಿತು. ಈ ನಡುವೆ ಕೂಟದ ಇನ್ನೊಂದು ಪ್ರೋಟೀನ್ ಸಿಎಸ್‌ಎಂ3 ಗುರಿಯನ್ನು ಆರಾರು ಅಕ್ಷರಕ್ಕೊಮ್ಮೆ (ಅಕ್ಷರ ಅಂದರೆ ಆರ್‌ಎನ್‌ಎ ಸರಪಳಿಯ ಒಂದು ಕೊಂಡಿ) ತುಂಡು ಮಾಡುತ್ತಿರುತ್ತದೆ. ಗುರಿ ಮುಗಿದರೆ ಕ್ಯಾಸ್10 ಕೂಡ ನಿಲ್ಲುತ್ತದೆ. ಬೆಳಕು ನಿಧಾನವಾಗಿ ಏರಿ, ಆಮೇಲೆ ಹಾಗೇ ನಿಂತಿತು. ಅಪಾಯ ಕಳೆದ ಮೇಲೆ ನಿಲ್ಲುವ ಈ ಏರ್ಪಾಡು ನನಗೆ ತುಂಬ ಇಷ್ಟ. ಬ್ಯಾಕ್ಟೀರಿಯಾ ಬದುಕುಳಿಯಬೇಕಲ್ಲ!

ಗುರಿಯ ಮಧ್ಯದಲ್ಲಿ ಎರಡು ಅಕ್ಷರ ಬದಲಿಸಿದೆ. ಕ್ಯಾಸ್13ಎ ಹೆಚ್ಚುಕಡಿಮೆ ಮೌನ. ಸಿಎಸ್‌ಎಂ ಇನ್ನೂ ಬೆಳಕು ಕೊಟ್ಟಿತು. ಒಂದೆರಡು ಅಕ್ಷರ ಬದಲಿಸಿಕೊಂಡು ತಪ್ಪಿಸಿಕೊಳ್ಳುವುದು ವೈರಸ್ಸಿಗೆ ಇದರ ಮುಂದೆ ಕಷ್ಟ.

ಡೆಂಗಿಯಲ್ಲಿ ನಾಲ್ಕು ಬಗೆ ಇವೆ. ಯಾವುದು ಎಂದು ಬೇರೆ ಮಾಡಿ ಹೇಳಬೇಕಾದರೆ ನಾನು ಕ್ಯಾಸ್13ಎ ಹಿಡಿಯುತ್ತೇನೆ. ಒಂದೇ ಬಗೆಯೊಳಗೆ ಅಕ್ಷರ ಅಲ್ಲಲ್ಲಿ ಬದಲಾದರೂ ಕೈತಪ್ಪಬಾರದು ಅಂದರೆ, ಜಾಸ್ತಿ ಶ್ರಮವಾದರೂ ಸಿಎಸ್‌ಎಂ.