ಬೀಮ್‌ಗೆ ತುಂಡು ಸೇರಿಸಲು 3.15 ಎಂಎಂ 7018 ವೆಲ್ಡಿಂಗ್ ರಾಡ್: ನಾಲ್ಕು ವರ್ಷದ ಬಳಕೆಯ ನಂತರ

ಅಂಕ: 5ಕ್ಕೆ 4. ಬಳಕೆ: ತುಮಕೂರು, ಗುಬ್ಬಿ, ತಿಪಟೂರು ಕಡೆಯ ಶೆಡ್ ಮತ್ತು ಅಟ್ಟದ ಕೆಲಸ, ಹೆಚ್ಚಾಗಿ ಐಎಸ್‌ಎಂಬಿ 200 ಮತ್ತು 250 (I ಆಕಾರದ ಉಕ್ಕಿನ ಬೀಮ್, ಅಂಕಿ ಅದರ ಎತ್ತರ ಎಂಎಂನಲ್ಲಿ).

ಗೇಟು, ಗ್ರಿಲ್‌ಗೆ 6013 ಎಂಬ ಸಾಮಾನ್ಯ ರಾಡ್ ಸಾಕು. ಬೀಮ್ ಜಾಯಿಂಟ್‌ಗೆ ನಾವು ಅದನ್ನು ಪೂರ್ತಿ ಬಿಟ್ಟಿದ್ದೇವೆ. ಬಲದ ಲೆಕ್ಕ ಇದಕ್ಕೆ ಕಾರಣವಲ್ಲ. ಬೀಮ್‌ನ ಇ250 ಸ್ಟೀಲ್‌ನ ಕರ್ಷಣ ಬಲ (ಎಳೆತ ತಡೆಯುವ ಶಕ್ತಿ) 410 ಎಂಪಿಎ, 6013 ಅದಕ್ಕೆ ಸರಿಸಮ ಇದೆ. 7018 ಇನ್ನೂ ಮೇಲೆ, ಸುಮಾರು 490. ಆದರೆ ಎರಡು ತುದಿಗಳ ನಡುವೆ ಕೊರೆದ ವಿ ಆಕಾರದ ಗಾಡಿಯಲ್ಲಿ ಪದರದ ಮೇಲೆ ಪದರ ತುಂಬುವಾಗ 6013ರ ಸ್ಲ್ಯಾಗ್ (ವೆಲ್ಡ್ ಮೇಲೆ ಕಟ್ಟುವ ಗಸಿ) ಮೂಲೆಯಲ್ಲಿ ಸಿಕ್ಕಿಕೊಳ್ಳುತ್ತದೆ, ಬೇರಿಗೆ, ಅಂದರೆ ಗಾಡಿಯ ತಳಕ್ಕೆ, ಇಳಿಯುವುದೂ ಕಮ್ಮಿ. 7018ರ ವೆಲ್ಡ್ ಬಾಗಿದರೂ ಬಿರಿಯುವುದಿಲ್ಲ, ಹೈಡ್ರೋಜನ್ ಕಡಿಮೆ ಇರುವುದರಿಂದ ತಣ್ಣಗಾದ ಮೇಲೆ ಅಂಚಿನಲ್ಲಿ ಬಿರುಕು ಬಿಡುವ ಭಯವೂ ಕಡಿಮೆ. ತಿಪಟೂರಿನ ಕೊಬ್ಬರಿ ಅಟ್ಟದಲ್ಲಿ ಕಾಯಿ ಹತ್ತು ಹನ್ನೊಂದು ತಿಂಗಳು ಹಾಗೇ ಕೂತಿರುತ್ತದೆ. ಅಷ್ಟು ದಿನವೂ ಭಾರ ಜಾಯಿಂಟ್ ಮೇಲೇ.

ರಾಡ್ ಎಷ್ಟೇ ಒಳ್ಳೆಯದಿರಲಿ, ತುಂಡು ಎಲ್ಲಿ ಸೇರುತ್ತದೆ ಅನ್ನುವುದು ಮೊದಲ ಪ್ರಶ್ನೆ. ಎರಡು ತುದಿಯಲ್ಲಿ ಗೋಡೆ ಅಥವಾ ಕಂಬದ ಮೇಲೆ ಕೂತ 6 ಮೀಟರ್ ಬೀಮ್, ಮೇಲೆ ಸಮನಾದ ಭಾರ ಎಂದಿಟ್ಟುಕೊಳ್ಳಿ. ನಡುವಿನ ಬಾಗು ಒತ್ತಡ 100 ಆದರೆ, ತುದಿಯಿಂದ 1.5 ಮೀಟರ್‌ನಲ್ಲಿ ಅದು 75, 1 ಮೀಟರ್‌ನಲ್ಲಿ ಸುಮಾರು 56. ಆದ್ದರಿಂದ ತುಂಡು ತುದಿಯ ಕಡೆಗೇ ಇರಬೇಕು, ನಡುವೆ ಬೇಡವೇ ಬೇಡ. ಬೀಮ್ ನಡುಗಂಬದ ಮೇಲೆ ಹಾದು ಮುಂದೆ ಹೋಗುವುದಾದರೆ ಈ ಲೆಕ್ಕ ತಿರುಗಿಬೀಳುತ್ತದೆ: ಕಂಬದ ನೆತ್ತಿಯ ಮೇಲೂ ಒತ್ತಡ ಜಾಸ್ತಿ, ಅಲ್ಲಿ ಜಾಯಿಂಟ್ ಇಡಬಾರದು. ಹೊರಚಾಚಿದ ಬೀಮ್‌ನ ಬುಡದಲ್ಲೂ ಇಡಬಾರದು. 600 ಎಂಎಂಗಿಂತ ಚಿಕ್ಕ ತುಂಡನ್ನು ನಾವು ಸೇರಿಸುವುದಿಲ್ಲ. ಅದನ್ನು ನೇರಕ್ಕೆ ಹಿಡಿಯುವುದೇ ಕಷ್ಟ.

ತುಂಡು ಸಾಧ್ಯವಾದರೆ ಅದೇ ಲಾಟ್‌ನ ಬೀಮ್‌ನಿಂದಲೇ ಬರಲಿ. ಗುಜರಿಯಿಂದ ತಂದದ್ದರ ಎತ್ತರ 2–3 ಎಂಎಂ ಹೆಚ್ಚುಕಡಿಮೆ ಇದ್ದರೆ ಫ್ಲೇಂಜ್ (ಬೀಮ್‌ನ ಮೇಲಿನ, ಕೆಳಗಿನ ಅಡ್ಡ ಪಟ್ಟಿ) ಮೆಟ್ಟಿಲಾಗಿ ಕೂರುತ್ತದೆ. ಐಎಸ್‌ಎಂಬಿಯ ಫ್ಲೇಂಜ್ ಒಳಮುಖ ಇಳಿಜಾರು. ಅಂಚಿನಲ್ಲಿ ಅಳೆದ ದಪ್ಪ ನಂಬಿ ಗಾಡಿ ಕೊರೆದರೆ ವೆಬ್ (ಎರಡು ಫ್ಲೇಂಜಿನ ನಡುವೆ ನಿಂತ ತಗಡು) ಹತ್ತಿರ ವೆಲ್ಡ್ ಪೂರ್ತಿ ಇಳಿಯುವುದಿಲ್ಲ.

ನಾವು ಪಾಲಿಸುವ ಕ್ರಮ ಇದು. ಎರಡೂ ತುದಿ ಮೂಲೆಮಟ್ಟಕ್ಕೆ ಕತ್ತರಿಸಿ, ತಲಾ 30 ಡಿಗ್ರಿ ಓರೆ, ಬೇರಿನಲ್ಲಿ 1.5–2 ಎಂಎಂ ಚಪ್ಪಟೆ, ಗ್ಯಾಪ್ 3 ಎಂಎಂ. ವೆಬ್ ಫ್ಲೇಂಜಿಗೆ ಸೇರುವ ಕಡೆ ಸುಮಾರು 25 ಎಂಎಂ ತ್ರಿಜ್ಯದ ಅರ್ಧಚಂದ್ರ ಕತ್ತರಿಸಿ, ಒಳಗೆ ಗ್ರೈಂಡ್ ಮಾಡಿ ನಯ ಮಾಡಬೇಕು. ಅದಿಲ್ಲದೆ ಫ್ಲೇಂಜ್ ವೆಲ್ಡ್ ವೆಬ್ ಅಡಿಯಲ್ಲಿ ಒಂದೇ ಸಮನೆ ಸಾಗದೆ ನಡುವೆ ಕಡಿದುಹೋಗುತ್ತದೆ. ಜಾಯಿಂಟಿನ ಎರಡೂ ಕಡೆ 25 ಎಂಎಂ ತುಕ್ಕು, ಬಣ್ಣ, ಮಿಲ್ ಸ್ಕೇಲ್ (ಹೊಸ ಉಕ್ಕಿನ ಮೇಲಿನ ಕಪ್ಪು ಪೊರೆ) ಹೋಗಲೇಬೇಕು. ಫ್ಲೇಂಜಿನ ಎರಡೂ ಅಂಚಿಗೆ 50 ಎಂಎಂ ಪಟ್ಟಿ ಟ್ಯಾಕ್ ಮಾಡಿ, ರಾಡ್ ಅದರ ಮೇಲೆ ಶುರುವಾಗಿ ಆಚೆ ಪಟ್ಟಿಯಲ್ಲಿ ಮುಗಿಯಲಿ. ಗುಂಡಿ, ತೂತು ಏನಿದ್ದರೂ ಕೊನೆಗೆ ಕತ್ತರಿಸಿ ಬಿಸಾಡುವ ಪಟ್ಟಿಯಲ್ಲೇ ಉಳಿಯುತ್ತವೆ. ದಾರ ಎಳೆದು ಮೇಲಿನ ಮುಖವನ್ನೂ ಪಕ್ಕವನ್ನೂ ನೋಡಿದ ಮೇಲೆಯೇ ಬೇರಿನ ಪದರ.

ಎರಡೂ ಫ್ಲೇಂಜ್ ಮೊದಲು, ವೆಬ್ ಆಮೇಲೆ. ಒಂದೇ ಫ್ಲೇಂಜ್ ತುಂಬಿ ಮುಗಿಸಿದರೆ ಬೀಮ್ ಆ ಕಡೆಗೆ ಎಳೆಯುತ್ತದೆ, ಆಮೇಲೆ ಸುತ್ತಿಗೆಯಿಂದ ಸರಿಯಾಗುವುದಿಲ್ಲ. ಎರಡು ಪದರ ಹಾಕಿ ಬೀಮ್ ಮಗುಚಿ, ಹಿಂದಿನಿಂದ ಬೇರನ್ನು ಹೊಳೆಯುವ ಲೋಹ ಕಾಣುವವರೆಗೆ ಗ್ರೈಂಡ್ ಮಾಡಿ ಮತ್ತೆ ತುಂಬಬೇಕು. ತೆರೆದ ಗ್ಯಾಪ್‌ನಲ್ಲಿ 7018ರ ಬೇರಿನ ಪದರ ಸುಲಭವಲ್ಲ. ಹಿಂದಿನಿಂದ ಕೊರೆಯದೆ ಬಿಟ್ಟ ಜಾಯಿಂಟನ್ನು ನಾವು ಜಾಯಿಂಟ್ ಎಂದು ಒಪ್ಪುವುದಿಲ್ಲ. ಮೇಲೊಂದು ಪ್ಲೇಟ್ ಬಡಿದರೆ ಅದು ಮುಚ್ಚಿಹೋಗುತ್ತದೆ ಅಷ್ಟೆ, ಸರಿಯಾಗುವುದಿಲ್ಲ.

ಡಿಸಿ, ರಾಡ್ ಪ್ಲಸ್‌ಗೆ. ಮಲಗಿಸಿದ ಸ್ಥಿತಿಯಲ್ಲಿ 110–125 ಆಂಪ್ಸ್. ಆರ್ಕ್ ಆದಷ್ಟು ಗಿಡ್ಡ. ಉದ್ದ ಬಿಟ್ಟ ತಕ್ಷಣ ತೂತು. ಶುರುವಿನಲ್ಲೂ ಇದೇ ದೋಷ, ಅದಕ್ಕೆ 10–12 ಎಂಎಂ ಮುಂದೆ ಹತ್ತಿಸಿ ಹಿಂದೆ ಬಂದು ಅದರ ಮೇಲೇ ಹಾಯಬೇಕು. ನಿಲ್ಲಿಸಿದ ರಾಡಿನ ತುದಿಗೆ ಗಾಜಿನಂಥ ಪೊರೆ ಕಟ್ಟುತ್ತದೆ. ಉಜ್ಜಿ ತೆಗೆಯದಿದ್ದರೆ ಮತ್ತೆ ಹತ್ತುವುದಿಲ್ಲ. ಐಎಸ್‌ಎಂಬಿ 250ರ ಒಂದು ಜಾಯಿಂಟ್‌ಗೆ 450 ಎಂಎಂ ಉದ್ದದ 18–20 ರಾಡ್ ಹಿಡಿಯುತ್ತವೆ.

ಒಂದು ಅಂಕ ಕಳೆದದ್ದು ಎರಡು ಕಾರಣಕ್ಕೆ. ಹಳೆಯ ಎಸಿ ಟ್ರಾನ್ಸ್‌ಫಾರ್ಮರ್ ಮಿಷನ್‌ನಲ್ಲಿ, ಅಥವಾ ಹಳ್ಳಿಯಲ್ಲಿ ಸಂಜೆ ವೋಲ್ಟೇಜ್ ಬಿದ್ದಾಗ, ಈ ರಾಡ್ ಅಂಟಿಕೊಂಡು ಜೀವ ಹಿಂಡುತ್ತದೆ. ಖಾಲಿ ವೋಲ್ಟೇಜ್ (ಆರ್ಕ್ ಹತ್ತಿಸುವ ಮುಂಚಿನದು) 70ರ ಸುತ್ತ ಇರುವ ಡಿಸಿ ಮಿಷನ್ ಬೇಕು. ಇನ್ನೊಂದು, ತೇವ. ಬಿಚ್ಚಿದ ಪೊಟ್ಟಣ ಮಳೆಗಾಲದಲ್ಲಿ ಒಂದು ರಾತ್ರಿ ಹೊರಗಿದ್ದರೆ 7018ಕ್ಕೆ ಕೊಟ್ಟ ಹೆಚ್ಚಿನ ದುಡ್ಡು ನೀರಿಗೆ ಹಾಕಿದಂತೆ. 300–350 ಡಿಗ್ರಿಯಲ್ಲಿ ಒಂದೆರಡು ಗಂಟೆ ಒಣಗಿಸಿ, ಆಮೇಲೆ 100 ಡಿಗ್ರಿ ಸುತ್ತ ಇಡಬೇಕು. ಕೈಯಲ್ಲಿ ಹಿಡಿದು ಒಯ್ಯುವ 5 ಕಿಲೋ ಓವನ್‌ಗಳಲ್ಲಿ ಬಹುಪಾಲು 350ಕ್ಕೆ ಏರುವುದಿಲ್ಲ, ಬಿಸಿ ಕಾಯ್ದಿಡುವುದಕ್ಕಷ್ಟೇ ಅವು. ಕೊಳ್ಳುವ ಮುಂಚೆ ಉಷ್ಣತೆ ಓದಿ ನೋಡಿ. ಎರಡು ಸಲ ಒಣಗಿಸಿಯೂ ಉಳಿದ ರಾಡನ್ನು ನಾವು ಬೀಮ್‌ಗೆ ಹಾಕುವುದಿಲ್ಲ, ಬ್ರಾಕೆಟ್, ಮೆಟ್ಟಿಲಿನಂಥ ಸಣ್ಣ ಕೆಲಸಕ್ಕೆ ಎತ್ತಿಡುತ್ತೇವೆ.

ಬಣ್ಣ ಮರುದಿನ. ಅದಕ್ಕೆ ಮೊದಲು ಕೆಂಪು ಡೈ ಬಳಿದು ಹತ್ತು ನಿಮಿಷ ಬಿಟ್ಟು, ಒರೆಸಿ, ಬಿಳಿ ಡೆವಲಪರ್ ಸಿಂಪಡಿಸಿ. ಬಿಳಿಯ ಮೇಲೆ ಕೆಂಪು ಗೆರೆ ಎದ್ದರೆ ಅಷ್ಟು ಉದ್ದವನ್ನು ಬುಡದವರೆಗೆ ಕೊರೆದು ಹೊಸದಾಗಿ ತುಂಬಿ. ಡೈ ಮೇಲ್ಮೈಗೆ ತೆರೆದುಕೊಂಡ ಬಿರುಕನ್ನು ಮಾತ್ರ ತೋರಿಸುತ್ತದೆ. ಮೇಲೆ ಜನ ಓಡಾಡುವ ಕಡೆ ಕೆಳಫ್ಲೇಂಜಿಗೆ ಒಳಗಿನ ದೋಷ ತೋರಿಸುವ ಅಲ್ಟ್ರಾಸಾನಿಕ್ ಪರೀಕ್ಷೆಯನ್ನೂ ಮಾಡಿಸಿ.